ಹೊಸ್ತಿಲಲ್ಲಿ ಆಡದ ಮಾತು

ನಿಲಂಗಾ, ಸೋಮವಾರ

ಡಾಕ್ಟರ್ ರೇಣುಕಾಪ್ರಸಾದ ಅವರಿಗೆ ಸುಗಂಧಾಳ ಶರಣು.

ವರ್ಷದ ಫೀ ಕಟ್ಟಿ ನಿಮ್ಮನ್ನೇ ಮನೆಯ ಡಾಕ್ಟರಾಗಿ ಇಟ್ಟುಕೊಳ್ಳಬೇಕೋ, ಸರ್ಕಾರಿ ದವಾಖಾನೆಯಲ್ಲಿ ಪಾಳಿ ಹಚ್ಚಿ ನಿಲ್ಲುವುದೇ ಸಾಕೋ ಎಂದು ನಮ್ಮಲ್ಲಿ ಇನ್ನೂ ಮಾತು ನಡೆದಿದೆ. ಅತ್ತೆಗೆ ನೀವು ಹಿಡಿಸಿದ್ದೀರಿ. "ಕೈ ಹಿಡದು ನೋಡ್ತಾರ, ಇವರೇ ಇರ್ಲಿ" ಅನ್ನುತ್ತಾರೆ. ನನ್ನನ್ನು ಮಾತ್ರ ಒಂದು ಸಂಗತಿ ಕೊರೆಯುತ್ತಿದೆ.

ನಿನ್ನೆ ಹೊರಡುವಾಗ ನೀವು ಹಾಸಿಗೆ ಹಿಡಿದ ಅತ್ತೆಗೆ "ಬರ್ತೀನ್ರಿ ಅವ್ವಾರ" ಅಂದಿರಿ. ನಮ್ಮ ಮನೆಯವರಿಗೂ ಅಂದಿರಿ, ಮಗಳ ಗಲ್ಲ ಮುಟ್ಟಿ ಅವಳಿಗೂ ಅಂದಿರಿ. ಬಾಗಿಲತನಕ ಬಂದ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಏನೂ ಅನ್ನದೆ ಮೆಟ್ಟಿಲಿಳಿದಿರಿ. ಸಾವಾದ ಮನೆಯಿಂದ ಮಾತ್ರ ನಮ್ಮಲ್ಲಿ ‘ಬರ್ತೀನಿ’ ಅನ್ನದೆ ಎದ್ದು ಹೋಗುತ್ತಾರೆ.

ಗುಂಜೋಟಿಯ ನಮ್ಮ ಚಿಗವ್ವನಿಗೂ ನೀವು ‘ಬರ್ತೀನಿ’ ಅನ್ನಲಿಲ್ಲವಂತೆ. ನೀವು ನೋಡಲು ಹೋದದ್ದು ಕಾಯಿಲೆ ಬಿದ್ದಿದ್ದ ಅವಳ ಗಂಡ, ನಮ್ಮ ಕಾಕಾನನ್ನು. ಚಿಗವ್ವ ಗಟ್ಟಿಮುಟ್ಟಾಗಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಮುಂದಿನ ಅಮಾವಾಸ್ಯೆಯೊಳಗೆ ಅವಳೇ ತೀರಿಕೊಂಡಳು. ಕಾಕಾ ಈಗಲೂ ಹೊಲಕ್ಕೆ ಹೋಗುತ್ತಾನೆ.

ನನಗೆ ಯಾವ ನೋವೂ ಇಲ್ಲ. "ಹೋಗುವಾಗ ಡಾಕ್ಟರ್ ನಿನಗೇನಂದ್ರವಾ?" ಎಂದು ಅತ್ತೆ ಕೇಳಿದರು. "ಬರ್ತೀನಿ ಅಂದ್ರು" ಎಂದುಬಿಟ್ಟೆ.

ಗುರುವಾರ ಬನ್ನಿ, ನಮ್ಮ ನಾಲ್ವರ ವರ್ಷದ ಫೀ ತೆಗೆದಿಟ್ಟಿರುತ್ತೇನೆ. ನನಗೆ ಔಷಧ ಬೇಡ. ನೀವು ಹೊರಡುವಾಗ ಬಾಗಿಲಲ್ಲೇ ನಿಂತಿರುತ್ತೇನೆ. ನನಗೂ ಆ ಒಂದು ಮಾತು ಅನ್ನಿ. ಅನ್ನಲಾಗದಿದ್ದರೆ, ಫೀ ರಸೀದಿಯಲ್ಲಿ ನನ್ನ ಹೆಸರು ಬಿಟ್ಟು ಉಳಿದ ಮೂವರ ಹೆಸರು ಮಾತ್ರ ಬರೆಯಿರಿ.

ಇಂತಿ,
ಸುಗಂಧಾ