ಶಿವಕುಮಾರಿಯ ಹೃದಯ ನೋಡಿ ಮೇಘಾಳ ಸೂಜಿ ನಿಲ್ಲಿಸಿದವರಿಗೆ

ಶಾಲಾ ಮಕ್ಕಳ ಹೃದಯ ತಪಾಸಣೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಡತದಲ್ಲಿ ಗುಣಮುಖಳಾಗಿರುವ ಹುಡುಗಿಯೊಬ್ಬಳು ನಮ್ಮ ಶಾಲೆಯ ನಾಲ್ಕು ಮೆಟ್ಟಿಲು ಹತ್ತಲಾರದೆ ಮೂರನೆಯದರ ಮೇಲೆ ಕೂತುಬಿಡುತ್ತಾಳೆ. ಇಪ್ಪತ್ತೊಂದು ದಿನಕ್ಕೊಮ್ಮೆ ಅವಳಿಗೆ ಕೊಡಬೇಕಾದ ಪೆನಿಸಿಲಿನ್ ಸೂಜಿಯನ್ನು ನೀವು ನಿಲ್ಲಿಸಿದ್ದರಿಂದ ಮೂರು ಸರದಿ ತಪ್ಪಿವೆ. ಅದನ್ನು ಮತ್ತೆ ಶುರು ಮಾಡಿ ಎಂದು ಕೇಳಲು ನಾಲ್ಕು ಸಲ ನಿಮ್ಮ ಕಚೇರಿಗೆ ಅಲೆದೆ. ಅಲ್ಲಿ ಹೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ಲ. ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಹುಡುಗಿಯನ್ನು ಮೇಘಾ ಎನ್ನುತ್ತೇನೆ. ಅದು ಅವಳ ಹೆಸರಲ್ಲ. ಈ ಪತ್ರದಲ್ಲಿ ನನ್ನದೊಂದನ್ನು ಬಿಟ್ಟು ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಅವಳ ನಿಜವಾದ ಹೆಸರನ್ನು ಡಂಗುರ ಹೊಡೆಯುವ ಕೆಲಸವನ್ನು ನೀವು ಆಗಲೇ ಮಾಡಿ ಮುಗಿಸಿದ್ದೀರಿ.

ನಾನು ಸಿಂಧನೂರು ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯ ಶಿಕ್ಷಕಿ. ಕಳೆದ ಜುಲೈಯಲ್ಲಿ ನಿಮ್ಮ ತಂಡ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಶಾಲೆಗಳಿಗೆ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಗಂಟಲು ನೋವು, ಜ್ವರ, ಆಮೇಲೆ ಒಂದು ದಿನ ಮೊಣಕಾಲಿಗೆ, ಇನ್ನೊಂದು ದಿನ ಕಾಲಿನ ಹರಡಿಗೆ ಬಾವು. ಇಷ್ಟಕ್ಕೆಲ್ಲ ನಮ್ಮಲ್ಲಿ ಯಾರೂ ದವಾಖಾನೆಗೆ ಹೋಗುವುದಿಲ್ಲ. ನೆಲ್ಲು ಹಚ್ಚುವಾಗ ಕೆಸರಿನಲ್ಲಿ ನಿಂತದ್ದಕ್ಕೆ ಬಂತು ಎನ್ನುತ್ತಾರೆ, ಬೆಳೆಯುವ ವಯಸ್ಸು ಎನ್ನುತ್ತಾರೆ, ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಬಾವು ಇಳಿಯುತ್ತದೆ, ಹೃದಯದ ಕವಾಟ ಮಾತ್ರ ಒಳಗೊಳಗೇ ಕೆಡುತ್ತದೆ. ಇದನ್ನೆಲ್ಲ ನನಗೆ ತಿಳಿಸಿಕೊಟ್ಟವರು ನಿಮ್ಮ ಡಾಕ್ಟರೇ. ಒಂಬತ್ತನೆಯ ತರಗತಿಯ ಮೇಘಾಳ ಕವಾಟ ಸೋರುತ್ತಿದೆ ಎಂದು ಯಂತ್ರವಿಟ್ಟು ಕಂಡುಹಿಡಿದವರೂ ಅವರೇ. ಸೂಜಿ ತಪ್ಪದಿದ್ದರೆ ಎಲ್ಲರಂತೆ ಓಡಾಡಿಕೊಂಡಿರುತ್ತಾಳೆ ಎಂದರು. ಅಲ್ಲಿಯವರೆಗಿನ ಕೆಲಸಕ್ಕೆ ನಾನು ಈಗಲೂ ಕೈ ಮುಗಿಯುತ್ತೇನೆ.

ಆಮೇಲೆ ನಿಮ್ಮ ಸುತ್ತೋಲೆ ಬಂತು. ‘ಹೃದ್ರೋಗಿ ಮಕ್ಕಳ ಪಟ್ಟಿ’ಯನ್ನು ಮಗುವಿನ ಹೆಸರು, ತಂದೆಯ ಹೆಸರು, ಊರು ಸಮೇತ ಶಾಲೆಯ ಸೂಚನಾ ಫಲಕಕ್ಕೆ ಹಚ್ಚಬೇಕು, ಹಚ್ಚಿದ್ದರ ಫೋಟೊ ಕಳಿಸಬೇಕು. ಪಾರದರ್ಶಕತೆಗಾಗಿ! ರೇಷನ್ ಅಕ್ಕಿಗೂ ಮಗುವಿನ ಕಾಯಿಲೆಗೂ ವ್ಯತ್ಯಾಸ ಕಾಣದ ಈ ಬುದ್ಧಿ ಯಾರದು ಸ್ವಾಮಿ? ನಿಮ್ಮ ಮನೆಯ ಹೆಣ್ಣುಮಗಳ ರಕ್ತ ಪರೀಕ್ಷೆಯ ವರದಿಯನ್ನು ಎಂದಾದರೂ ನಿಮ್ಮ ಕಚೇರಿಯ ಗೇಟಿಗೆ ಅಂಟಿಸಿದ್ದೀರಾ? ಆದರೂ ಹಚ್ಚಿದವಳು ನಾನೇ. ಆದೇಶ ಎಂದರೆ ಆದೇಶ ಎಂದುಕೊಂಡು ನಾಲ್ಕೂ ಮೂಲೆಗೆ ಅಂಟು ಬಳಿದು ಹಚ್ಚಿದೆ, ಫೋಟೊ ಕಳಿಸಿದೆ.

ಫೋಟೊ ತೆಗೆದವಳು ನಾನೊಬ್ಬಳೇ ಅಲ್ಲ. ಮಧ್ಯಾಹ್ನದ ಬಸ್ಸು ಮಸ್ಕಿ ಮುಟ್ಟುವ ಮೊದಲೇ ಪಟ್ಟಿ ಮೊಬೈಲಿನಲ್ಲಿ ಮಸ್ಕಿ ಮುಟ್ಟಿತ್ತು. ಅಲ್ಲಿಯ ಮನೆಯೊಂದರ ಜೊತೆ ಮೇಘಾಳ ಅಕ್ಕನ ನೆಂಟಸ್ತಿಕೆ ಕುದುರಿತ್ತು. ತಂಗಿಯ ಎದೆಯಲ್ಲಿ ತೂತಿದೆಯಂತೆ, ಅಕ್ಕನಿಗೂ ಇದ್ದೀತು, ನಾಳೆ ಹುಟ್ಟುವ ಮಕ್ಕಳಿಗೂ ಬಂದೀತು ಎಂದು ವಾರದೊಳಗೆ ಅದು ಮುರಿದುಬಿತ್ತು. ಇದು ತೂತಲ್ಲ, ಗಂಟಲ ಸೋಂಕಿನಿಂದ ಹತ್ತಿದ್ದು ಎಂಬ ಒಂದು ಸಾಲು ಬರೆಯಲು ನಿಮ್ಮ ಪಟ್ಟಿಯ ಕೆಳಗೆ ಜಾಗ ಇರಲಿಲ್ಲ. ನಿಮ್ಮ ಸಹಿಗೆ, ಮುದ್ರೆಗೆ ಬೇಕಾದಷ್ಟು ಇತ್ತು.

ಮೇಘಾಳ ತಾಯಿ ಪಾರ್ವತೆಮ್ಮ ನಮ್ಮ ಮನೆಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಹೆಸರೊಂದು ತೆಗಸ್ರಿ ಟೀಚರ್ರೀ,” ಎಂದಳು. “ಸೂಜಿ ನಾ ಬಿಡಸಂಗಿಲ್ಲ. ಎಷ್ಟ ಅತ್ರೂ ಕೈ ಹಿಡಕೊಂಡು ಮಾಡಿಸ್ತೀನಿ. ಪಟ್ಟಿಯಾಗ ಹೆಸರಷ್ಟ ಬ್ಯಾಡ.”

ಡಿಸೆಂಬರಿನಲ್ಲಿ ನಿಮ್ಮ ಮರುತಪಾಸಣೆಯ ಶಿಬಿರ ನಡೆಯಿತು. ಅಲ್ಲಿ ಹೃದಯ ಸರಿಯಿದೆ ಎಂದು ಬಂದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಪಟ್ಟಿಯ ಮಕ್ಕಳನ್ನು ಗುರುತಿಸಿ ಒಳಗೆ ಬಿಡುವ ಕೆಲಸ ನನ್ನದು. ಪಾರ್ವತೆಮ್ಮ ಕರೆತಂದ ಹುಡುಗಿ ಮೇಘಾಳ ಸಮವಸ್ತ್ರ ತೊಟ್ಟಿದ್ದಳು, ಮೇಘಾಳ ಆಧಾರ್ ಕಾರ್ಡ್ ಹಿಡಿದಿದ್ದಳು. ಆದರೆ ಅವಳು ಶಿವಕುಮಾರಿ, ಲಿಂಗಸುಗೂರಿನಲ್ಲಿರುವ ಪಾರ್ವತೆಮ್ಮನ ತಂಗಿಯ ಮಗಳು. “ಇಕಿನ ಏನ್ರಿ ಮೇಘಾ?” ಎಂದು ನಿಮ್ಮ ಸಿಬ್ಬಂದಿ ಕೇಳಿದರು. ಹೌದು ಎಂದೆ. ನಾನು ಹಚ್ಚಿದ ಕಾಗದದಿಂದ ಕೆಟ್ಟದ್ದನ್ನು ಒಂದು ಸುಳ್ಳಿನಿಂದ ಸರಿ ಮಾಡಬಹುದು ಎಂದುಕೊಂಡೆ. ಹೆಸರಿನ ಜೊತೆ ಸೂಜಿಯೂ ಹೋಗುತ್ತದೆ ಎಂದು ಪಾರ್ವತೆಮ್ಮನಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾಲ್ಕಕ್ಷರ ಕಲಿತವಳು, ನನಗಾದರೂ ಹೊಳೆಯಬೇಕಿತ್ತು.

ನಿಮ್ಮ ಯಂತ್ರ ಸುಳ್ಳು ಹೇಳಲಿಲ್ಲ. ಶಿವಕುಮಾರಿಯ ಹೃದಯ ಗಟ್ಟಿಮುಟ್ಟಾಗಿತ್ತು. ಆದರೆ ಜುಲೈಯಲ್ಲಿ ಸೋರುತ್ತಿದ್ದ ಕವಾಟ ಡಿಸೆಂಬರಿಗೆ ಹೊಚ್ಚ ಹೊಸದಾದದ್ದು ಹೇಗೆ ಎಂದು ನಿಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ಹಳೆಯ ವರದಿಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡಲು ಪುರುಸೊತ್ತಿರಲಿಲ್ಲವೇ? ಪುರುಸೊತ್ತಿತ್ತು. ‘ನಮ್ಮ ಯೋಜನೆಯಿಂದ ಬಾಲಕಿ ಗುಣಮುಖ’ ಎಂದು ಮರುದಿನವೇ ಪತ್ರಿಕಾ ಪ್ರಕಟಣೆ ಕೊಟ್ಟಿರಿ.

ಮುಂದಿನ ಸರದಿಗೆ ಮೇಘಾಳನ್ನು ಕರೆದೊಯ್ದಾಗ ಆರೋಗ್ಯ ಕೇಂದ್ರದ ನರ್ಸ್ ಕಂಪ್ಯೂಟರ್ ನೋಡಿ, “ಇಕಿ ಹೆಸರು ತೆಗದಾರವ್ವ. ಆರಾಮ ಆಗ್ಯಾಳಂತ ಬಂದೈತಿ. ಪಟ್ಟಿಯಾಗ ಇಲ್ಲದವರಿಗೆ ನಾ ಹೆಂಗ ಮಾಡ್ಲಿ?” ಎಂದಳು. ಊರಿನ ಖಾಸಗಿ ಡಾಕ್ಟರು, ಈ ಸೂಜಿ ಒಗ್ಗದಿದ್ದರೆ ಜೀವಕ್ಕೆ ಕುತ್ತು ಎಂದು ಮುಟ್ಟಲಿಲ್ಲ. ಫೆಬ್ರುವರಿಯಲ್ಲಿ ಮತ್ತೆ ಗಂಟಲು ನೋವು ಬಂತು, ಕೀಲುಗಳು ಬಾತವು, ಉಸಿರು ಹಿಡಿಯಿತು. ದೊಡ್ಡ ದವಾಖಾನೆಯವರು ಹತ್ತು ದಿನ ಇಟ್ಟುಕೊಂಡು ಕಳಿಸಿದರು. ಕವಾಟ ಮೊದಲಿಗಿಂತ ಹೆಚ್ಚು ಸೋರುತ್ತಿದೆ, ಊರಲ್ಲಿ ಸೂಜಿ ತಪ್ಪಿಸಬೇಡಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯೂ ನಿಮ್ಮ ಕಂಪ್ಯೂಟರಿನ ಮುಂದೆ ನಡೆಯಲಿಲ್ಲ.

ಆಗ ನಾನು ನಿಮ್ಮ ಕಚೇರಿಗೆ ಬಂದು ನಡೆದದ್ದನ್ನೆಲ್ಲ ಬರೆದುಕೊಟ್ಟೆ. ನಿಮ್ಮ ಗುಮಾಸ್ತರು ಓದಿ, “ಗುಣ ಆದ ಕೇಸು ತಿರುಗಿ ತೆಗಿಯಾಕ ಬರಂಗಿಲ್ರಿ ಮೇಡಂ. ಜುಲೈದಾಗ ಶಿಬಿರ ಬರ್ತೈತಲ್ಲ, ಆವಾಗ ನೋಡೂನಂತ” ಎಂದರು. ಮೇಘಾಳಿಗೆ ಜುಲೈ. ನನಗೆ ಮಾತ್ರ ಎರಡೇ ದಿನದಲ್ಲಿ ಕಾರಣ ಕೇಳಿ ನೋಟಿಸ್ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎಮ್ಮೆಯದೂ ತಪ್ಪಿದೆ, ಬರೆ ಎಳೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಎತ್ತಿನ ಜ್ವರಕ್ಕೆ ಏನು ಮಾಡುತ್ತೀರಿ?

ಆ ನೋಟಿಸನ್ನು ಓದಿ ಸಹಿ ಹಾಕಿದಿರೋ, ಓದದೆ ಹಾಕಿದಿರೋ ನನಗೆ ತಿಳಿಯದು. ‘ಸದರಿ ಬಾಲಕಿಯ ಬದಲು ಬೇರೊಬ್ಬ ಬಾಲಕಿಯನ್ನು ಹಾಜರುಪಡಿಸಿರುವುದು ದೃಢಪಟ್ಟಿರುತ್ತದೆ’ ಎಂದು ಅದರಲ್ಲಿದೆ. ದೃಢಪಟ್ಟಿದ್ದರೆ ಮೇಘಾಳ ಮರುತಪಾಸಣೆ ಆಗಿಯೇ ಇಲ್ಲ. ಆಗದ ತಪಾಸಣೆಯಲ್ಲಿ ಅವಳು ಗುಣಮುಖಳಾದದ್ದು ಹೇಗೆ? ನನ್ನನ್ನು ದಂಡಿಸುವಾಗ ಅಂದು ಬಂದವಳು ಬೇರೆ ಹುಡುಗಿ, ಸೂಜಿ ಕೊಡುವ ಮಾತು ಬಂದಾಗ ಅವಳೇ ಮೇಘಾ. ಎರಡೂ ಕಾಗದದ ಕೆಳಗೆ ಇರುವುದು ನಿಮ್ಮದೇ ಸಹಿ. ನಾಚಿಕೆಯಾಗುವುದಿಲ್ಲವೇ?

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಮೇಘಾಳ ಹೆಸರನ್ನು ಈ ವಾರವೇ ಸೂಜಿಯ ಪಟ್ಟಿಗೆ ಸೇರಿಸಿ, ಹೃದಯ ತಜ್ಞರಿಂದ ತಪಾಸಣೆ ಮಾಡಿಸಿ. ಮೂರೂ ತಾಲೂಕಿನ ಶಾಲೆಗಳ ಗೋಡೆಯ ಮೇಲಿರುವ ಪಟ್ಟಿಗಳನ್ನು ಕಿತ್ತುಹಾಕಿಸಿ. ಇನ್ನು ಮುಂದೆ ಮಗುವಿನ ಕಾಯಿಲೆಯನ್ನು ತಾಯಿತಂದೆಯರನ್ನು ಕೂರಿಸಿಕೊಂಡು ಬಾಗಿಲು ಹಾಕಿ ಹೇಳಿ. ನನ್ನ ಶಿಕ್ಷೆಯ ಆದೇಶವನ್ನು ಬೇಕಾದರೆ ಅದೇ ದಿನ ಹೊರಡಿಸಿ, ನಾನು ತಗಾದೆ ತೆಗೆಯುವುದಿಲ್ಲ.

ಈ ಪತ್ರವನ್ನು ಪಾರ್ವತೆಮ್ಮನಿಗೆ ಓದಿ ಹೇಳಿದೆ. ಅಚ್ಚಾದರೆ ಊರವರು ಗುರುತು ಹಿಡಿಯಬಹುದು ಎಂದೆ. “ಹಿಡೀಲಿ ಬಿಡ್ರಿ,” ಎಂದಳು. “ಸೋಮವಾರ ಮುಂಜಾನೆ ದವಾಖಾನಿಗೆ ಬರ್ತೀನಿ ಅಂತ ಬರೀರಿ. ಈ ಸಲ ನನ್ನ ಮಗಳನ್ನ ಕರಕೊಂಡು ಬರ್ತೀನಿ.”

ಇಂತಿ,
ನಿಮ್ಮ ನೋಟಿಸಿನ ಪ್ರತಿಯೊಂದು ಆರೋಪವನ್ನೂ ಒಪ್ಪಿಕೊಂಡ
ಶೇಖರಮ್ಮ,
ಶಿಕ್ಷಕಿ, ಇದು ಅಚ್ಚಾಗುವವರೆಗಾದರೂ