ರಜೆ ಫಾರಂನಲ್ಲಿ ಇಲ್ಲದ ಅಪ್ಪ

ಅಪ್ಪನಿಗೆ,

ಭಾನುವಾರ ಮಧ್ಯಾಹ್ನ. ನೀವು ಒಳಗೆ ಮಲಗಿದ್ದೀರಿ, ನಾನು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದೇ ಸೂರಿನ ಕೆಳಗಿದ್ದುಕೊಂಡು ಕಾಗದ ಯಾಕೆ ಅನ್ನಿಸಬಹುದು. ಎದುರಿಗೆ ಹೇಳಲು ಹೊರಟರೆ ನೀವು ಗೋಡೆ ಕಡೆ ಹೊರಳುತ್ತೀರಲ್ಲ, ಅದಕ್ಕೆ. ಲಕ್ವ ನಿಮ್ಮ ಬಲಗೈಯನ್ನೂ ಮಾತನ್ನೂ ಕಿತ್ತುಕೊಂಡಿತು, ಹಟವನ್ನು ಮಾತ್ರ ಮುಟ್ಟಲಿಲ್ಲ. ಪೇಪರಿನ ಜಾಹೀರಾತನ್ನೂ ಬಿಡದೆ ಓದುವವರು ನೀವು, ಇದನ್ನೂ ಪೂರ್ತಿ ಓದಿ.

ನಾನು ಫ್ಯಾಕ್ಟರಿಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದೇನೆ. ನಾಳೆ ಬೆಳಿಗ್ಗೆ ಕ್ಷಮಾಪಣೆಗೆ ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆ. ನಾನು ಹಾಕುವುದಿಲ್ಲ.

ಹುಬ್ಬು ಗಂಟಿಕ್ಕಬೇಡಿ. ಇದರಲ್ಲಿ ನಿಮ್ಮ ಪಾಲೂ ಇದೆ.

ಇಪ್ಪತ್ತೊಂಬತ್ತು ವರ್ಷ ನೀವು ಮಿಲ್ಲಿನ ಗೇಟಿನಲ್ಲಿ ಹಾಜರಿ ಬರೆದವರು. ಸೈರನ್ ನಿಂತ ಮೇಲೆ ಮಾಲೀಕನೇ ಬಂದರೂ ಗೇಟು ತೆಗೆಯುವವರಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಊಟಕ್ಕೆ ಕೂತು ನೀವು ಹೇಳಿದ್ದು ನೆನಪಿದೆಯೇ? ನೂಲು ವಿಭಾಗದ ಹೆಂಗಸೊಬ್ಬಳು, ತಾಯಿ ಬಚ್ಚಲಲ್ಲಿ ಜಾರಿಬಿದ್ದಳೆಂದು ಅಳುತ್ತಾ ತಡವಾಗಿ ಬಂದಿದ್ದಳು. ನೀವು ಹಾಗೇ ವಾಪಸ್ ಕಳಿಸಿದ್ದಿರಿ. "ಮಗೂಗೆ ಜ್ವರ ಅಂದ್ರೆ ಅದು ಕಾರಣ. ಅಮ್ಮಂಗೆ ಹುಷಾರಿಲ್ಲ ಅಂದ್ರೆ ಅದು ನೆಪ," ಅಂದಿರಿ. ಅಮ್ಮ ನಿಮ್ಮ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ನಾನೂ ತಲೆಯಾಡಿಸಿದೆ, ನಮ್ಮಪ್ಪನ ಮಾತೆಂದರೆ ಮುಗಿಯಿತು ಅನ್ನುವ ವಯಸ್ಸು.

ನಮ್ಮ ಅಂಗಿ ಫ್ಯಾಕ್ಟರಿಯ ರಜೆ ಫಾರಂ ನೋಡಿದರೆ ಅದನ್ನೂ ನೀವೇ ಬರೆದಂತಿದೆ. ಕಾರಣ ಎಂಬಲ್ಲಿ ಮೂರೇ ಸಾಲು: ಸ್ವಂತ ಅನಾರೋಗ್ಯ, ಮಗುವಿನ ಅನಾರೋಗ್ಯ, ಸಾವು. ನೀವು ಹಾಸಿಗೆ ಹಿಡಿದ ಹೊಸದರಲ್ಲಿ, ಆಸ್ಪತ್ರೆಗೆ ಕರೆದೊಯ್ಯುವ ದಿನ, ಆ ಫಾರಂ ಹಿಡಿದು ತುಂಬಾ ಹೊತ್ತು ನಿಂತಿದ್ದೆ. ಗಂಡ ಬಿಟ್ಟುಹೋದ, ಮಕ್ಕಳಿಲ್ಲದ ಹೆಂಗಸು ನಾನು. ಎರಡನೇ ಸಾಲಿಗೆ ಗುರುತು ಹಾಕಿಬಿಟ್ಟೆ. ಹೀಗೆ ನನಗೊಬ್ಬಳು ಮಗಳು ಹುಟ್ಟಿದಳು, ಪುಟ್ಟಿ.

ಒಂದೂವರೆ ವರ್ಷ ಪುಟ್ಟಿಯನ್ನು ಸಾಕಿದೆ. "ಊಟ ಮಾಡ್ಸೋದೇ ಕಷ್ಟ, ಬಾಯಿ ಬಿಡಲ್ಲ," "ನಿನ್ನೆ ಮಂಚದಿಂದ ಇಳಿಯೋಕೆ ಹೋಗಿ ಬಿದ್ಲು," ಅನ್ನುತ್ತಿದ್ದೆ. ಒಂದಾದರೂ ಸುಳ್ಳೇ? ಎಲ್ಲ ನಿಮ್ಮದೇ ಪ್ರತಾಪ. ಮಗು ಎಂದ ಕೂಡಲೇ ಸೂಪರ್‌ವೈಸರ್ ಕರಗುತ್ತಿದ್ದ. ನಾನು ಕಾಲರ್ ಹೊಲಿಯುವ ಮಷೀನಿನ ಪಕ್ಕದಲ್ಲೇ ಗುಂಡಿ ಹಾಕುವ ಗುಂಡಿಯಕ್ಕ ಉಳಿಕೆ ಬಟ್ಟೆಯಲ್ಲಿ ಪುಟ್ಟಿಗೊಂದು ಹಳದಿ ಫ್ರಾಕ್ ಹೊಲಿದು ಕೊಟ್ಟಳು. ಅದು ನಿಮ್ಮ ಮಂಚದ ಕೆಳಗಿನ ಟ್ರಂಕಿನಲ್ಲಿದೆ. ಆ ದಿನ ಬಸ್ಸಿನಲ್ಲಿ ನಾನು ನಾಚಿಕೆಯಿಂದ ಅತ್ತೆ.

ಕಳೆದ ಬುಧವಾರ ಕೆಲಸಗಾರರ ಮಕ್ಕಳಿಗೆ ಶಾಲೆ ಚೀಲ ಕೊಡುತ್ತೇವೆಂದು ಜನನ ಪತ್ರ ಕೇಳಿದರು. ಅಲ್ಲಿಗೆ ನನ್ನ ಬಣ್ಣ ಬಯಲಾಯಿತು. ಆಫೀಸಿಗೆ ಕರೆಸಿ ಮ್ಯಾನೇಜರ್ ಕೇಳಿದ: "ಮಗು ಎಲ್ಲಮ್ಮಾ?"

"ಮನೇಲಿದೆ ಸಾರ್. ಎಪ್ಪತ್ತೆಂಟು ವರ್ಷ. ಬನ್ನಿ, ತೋರಿಸ್ತೀನಿ," ಅಂದೆ.

ಅವನಿಗೆ ನಗು ಬರಲಿಲ್ಲ. "ವಯಸ್ಸಾದೋರು ಎಲ್ಲರ ಮನೇಲೂ ಇರ್ತಾರೆ. ಅದಕ್ಕೆಲ್ಲ ರಜೆ ಕೊಡ್ತಾ ಕೂತ್ರೆ ಫ್ಯಾಕ್ಟರಿ ಮುಚ್ಚಬೇಕಾಗುತ್ತೆ."

"ಎಲ್ಲರ ಮನೇಲೂ ಇರ್ತಾರೆ ಅಂತ ನೀವೇ ಅಂತೀರಿ. ಮತ್ತೆ ಫಾರಂನಲ್ಲಿ ಯಾಕಿಲ್ಲ ಸಾರ್?"

ಅವನು ಕ್ಷಮಾಪಣೆಯ ಹಾಳೆಯನ್ನು ಮುಂದೆ ತಳ್ಳಿದ. ಸೋಮವಾರದವರೆಗೆ ಗಡುವು ಕೊಟ್ಟ.

ಗುಂಡಿಯಕ್ಕ ಎರಡು ದಿನ ನನ್ನ ಮುಖ ನೋಡಲಿಲ್ಲ. ನಿನ್ನೆ ಸಂಜೆ ಮನೆಗೆ ಬಂದವಳು ಅವಳೇ. ನೀವು ಅವಳನ್ನು ಯಾರೋ ಮಿಲ್ಲಿನ ಕೆಲಸದವಳೆಂದುಕೊಂಡು, ತಡವಾಯಿತು ಎಂದು, ಬಲಗೈ ಏಳದ್ದರಿಂದ ಎಡಗೈಯ ಗಡಿಯಾರವನ್ನು ಗಲ್ಲಕ್ಕೆ ಕುಟ್ಟಿ ತೋರಿಸಿದಿರಿ. ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಅಡುಗೆಮನೆಗೆ ಬಂದು, "ಫ್ರಾಕಿಗೆ ಬೇಜಾರಿಲ್ಲ ಕಣೆ, ನನ್ನತ್ರಾನೂ ಮುಚ್ಚಿಟ್ಯಲ್ಲ, ಅದಕ್ಕೆ," ಅಂದಳು. ನಾನು ಕೈ ಹಿಡಿದು ಕ್ಷಮೆ ಕೇಳಿದೆ. ಅವಳು ಕಣ್ಣೊರೆಸಿಕೊಂಡು, "ನಾನೇನು ಕಡಿಮೆ? ಮಲಗಿರೋ ಅತ್ತೇನ ಫಾರಂನಲ್ಲಿ ಮೂರು ಸಲ ಸಾಯಿಸಿದೀನಿ. ಆ ಮುದುಕಿಗೆ ಗೊತ್ತಾದ್ರೆ ಎದ್ದು ಬಂದು ಹೊಡೀತಾಳೆ," ಅಂದಳು.

ನೋಡಿದಿರಾ ಅಪ್ಪ? ಬದುಕಿರುವವರನ್ನು ನೋಡಿಕೊಳ್ಳಲು ಅವರನ್ನು ಸಾಯಿಸಬೇಕು, ಇಲ್ಲವೇ ಇಲ್ಲದ ಮಕ್ಕಳನ್ನು ಹೆರಬೇಕು. ನಾನು ಕ್ಷಮೆ ಕೇಳಬೇಕಾದ್ದು ಗುಂಡಿಯಕ್ಕನ ಹತ್ತಿರ, ಕೇಳಿಯಾಯಿತು. ಆ ಆಫೀಸಿನ ಮುಂದೆ ತಲೆ ತಗ್ಗಿಸುವುದು ನನ್ನಿಂದಾಗದು.

ಅವಳು ಬರಿಗೈಲಿ ಬಂದಿರಲಿಲ್ಲ. ನಮ್ಮ ಹೊಲಿಗೆ ಲೈನಿನಲ್ಲಿ ಕೂರುವವರೆಲ್ಲರ ರಜೆ ಫಾರಂ ಚೀಲದಲ್ಲಿದ್ದವು. ಮೂರು ಸಾಲಿನ ಕೆಳಗೆ ಪ್ರತಿಯೊಬ್ಬರೂ ಪೆನ್ನಿನಿಂದ ನಾಲ್ಕನೆಯದನ್ನು ಎಳೆದಿದ್ದರು: ಮನೆಯ ಹಿರಿಯರ ಆರೈಕೆ. ವೈದ್ಯರ ಹತ್ತಿರ ಹೋಗುವ ದಿನ ರಜೆ ಬೇಕು. ಬೆಳಿಗ್ಗೆ ಒಂದು ಗಂಟೆ ತಡವಾಗಿ ಬಂದರೆ ಸಂಜೆ ಒಂದು ಗಂಟೆ ಕೂತು ಹೊಲಿಯುತ್ತೇವೆ. ಭಿಕ್ಷೆ ಕೇಳುತ್ತಿಲ್ಲ. ನಾಳೆ ಎಲ್ಲರೂ ಬೇಕೆಂದೇ ಒಂದು ಗಂಟೆ ತಡವಾಗಿ ಹೋಗಿ, ಗೇಟಿನಲ್ಲಿ ನಿಂತು ಕೊಡುತ್ತೇವೆ. ತೆಗೆದುಕೊಂಡರೆ ಒಳಗೆ, ಇಲ್ಲದಿದ್ದರೆ ಇಡೀ ಲೈನ್ ಹೊರಗೆ. ಕಾಲರಿಲ್ಲದ, ಗುಂಡಿಯಿಲ್ಲದ ಅಂಗಿಯನ್ನು ಯಾರಿಗೆ ಮಾರುತ್ತಾರೋ ನೋಡೇ ಬಿಡೋಣ.

ಹೆದರಿಕೆ ಇಲ್ಲವೇ ಎಂದರೆ ಇದೆ. ಕೆಲಸ ಹೋದರೆ ನಿಮ್ಮ ಔಷಧಿಗೆ ಏನು ಗತಿ? ಆದರೂ ನಿಮ್ಮನ್ನು ಇನ್ನು ಪುಟ್ಟಿಯ ಫ್ರಾಕಿನೊಳಗೆ ಬಚ್ಚಿಡಲಾರೆ. ಅಂದು ನೂಲು ವಿಭಾಗದ ಆ ಹೆಂಗಸು ಅಳುತ್ತಾ ಹಿಂದಿರುಗಿದಳು. ನಾನು ಅಳುವುದಿಲ್ಲ, ಹಿಂದಿರುಗುವುದೂ ಇಲ್ಲ. ನನ್ನ ಫಾರಂ ತುಂಬಿ ಈ ಕಾಗದದ ಜೊತೆಗೇ ಇಟ್ಟಿದ್ದೇನೆ, ನೋಡಿ. ಕಾರಣ ಎಂಬಲ್ಲಿ ಒಂದೇ ಪದ ಬರೆದಿದ್ದೇನೆ: ಅಪ್ಪ.

ಎಡಗೈ ಚೆನ್ನಾಗಿದೆಯಲ್ಲ, ಬೆಳಿಗ್ಗೆ ಅದನ್ನೇ ನನ್ನ ತಲೆಯ ಮೇಲಿಟ್ಟು ಕಳಿಸಿ. ಗಡಿಯಾರ ತೋರಿಸಬೇಡಿ.

ನಾಳೆ ತಡವಾಗಿಯೇ ಹೊರಡಲಿರುವ,
ನಿಮ್ಮ ಮಗಳು