ತಾಳ ಹಾಕುವ ಕೈ

ಮಂಗಳವಾರ, ೧೮ ನವೆಂಬರ್

ಬಿ.ಎಸ್ಸಿ. ಕೆಮಿಸ್ಟ್ರಿ ಟೆಸ್ಟಿನಲ್ಲಿ ಇವತ್ತು ನನ್ನ ಕೈ ಸುಮ್ಮನಿರಲಿಲ್ಲ. ಹಿಂದಿನವಳಿಗೆ ಸನ್ನೆ ಮಾಡುತ್ತಿದ್ದೇನೆಂದು ಸರ್ ತಿಳಿದರು.

"ಏನವಾ, ಯಾರಿಗೆ ಹೇಳಿಕೊಡಾಕತ್ತಿ?"

"ತಾಳ ಹಾಕಾಕತ್ತಿದ್ನಿರಿ ಸರ್, ಭರತನಾಟ್ಯದ್ದು."

"ನಾಳೆ ಟೆಸ್ಟಿನ್ಯಾಗ ಕೈ ಅಳ್ಳಾಡಿದ್ರ ಹೊರಗ ಕಳಸ್ತೀನಿ."

ಎಲ್ಲರೂ ನಕ್ಕರು. ನಡುವೆ ಓದು ಬಿಟ್ಟು ಮನೆಯಲ್ಲಿ ಕುಳಿತು ರೂಢಿ ತಪ್ಪಿದವಳು ನಾನು. ತಾಳಕ್ಕೆ ಹೊಂದಿಸದೆ ಪಾಠ ನೆನಪಿರುವುದಿಲ್ಲ. ಹೊರಗೆ ಹಾಕಿದ ಸುದ್ದಿ ನಮ್ಮೂರು ತಿಕೋಟಾಕ್ಕೆ ಮುಟ್ಟಿದರೆ ಅಪ್ಪ ಮೊದಲು ನಾಟ್ಯದ ಕ್ಲಾಸೇ ಬಿಡಿಸುತ್ತಾರೆ.

ಈಗ ಕೈಯನ್ನು ತೊಡೆಯಡಿ ಇಟ್ಟುಕೊಂಡು ಪಾಠ ಒಪ್ಪಿಸಿ ನೋಡಿದೆ. ಅರ್ಧಕ್ಕೇ ನಿಂತಿತು. ನಾಟ್ಯ ಮಾಡಿ ನೋಯುವ ಕಾಲಿನ ಬೆರಳು ಆಡಿಸಿದಾಗ ಉಳಿದದ್ದೂ ಬಂತು. ಆದರೆ ಚಪ್ಪಲಿಯಲ್ಲಿ ಅದೂ ಕಾಣುತ್ತದಲ್ಲ. ನನ್ನ ಹಾಸ್ಟೆಲ್ ರೂಮಿನ ರಾಜೇಶ್ವರಿಯ ಬೂಟು ಕೇಳಬೇಕು. ಅವಳ ಕಾಲು ನನ್ನದಕ್ಕಿಂತ ಸಣ್ಣದು. ಬಿಗಿಯಾಗಿ ಬೆರಳು ಆಡದೇ ಹೋದರೆ ನಾಳೆಯೂ ಪಾಠ ಅರ್ಧಕ್ಕೇ ನಿಲ್ಲುತ್ತದೆ.